ಸಹಾಯ ಬೇಕು: ಅವ್ವನ ಎದೆಬಡಿತಕ್ಕೆ ಹೋಲ್ಟರ್ ಸಾಕಾ, ಪ್ಯಾಚ್ ಬೇಕಾ?

ಎಲ್ಲರಿಗೂ ನಮಸ್ಕಾರ. ನಾವು ಗದಗಿನವರು. ಅವ್ವನಿಗೆ 62 ವರ್ಷ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಎಲ್ಲ ಸರಿ. ಎಚ್ಚರ ತಪ್ಪಿ ಬಿದ್ದಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಡಿತ ಇಳಿದಿರುತ್ತದೆ. ಇಸಿಜಿ ಹಿಡಿಯುವುದು ಸುಮಾರು 10 ಸೆಕೆಂಡಿನ ಬಡಿತ, ಅದರಲ್ಲಿ ಏನು ಸಿಗಬೇಕು? ಎಕೋ, ಥೈರಾಯ್ಡ್ ನಾರ್ಮಲ್.

ಡಾಕ್ಟರ್ 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ, ಬಡಿತ ಬರೆದಿಡುವ ಚಿಕ್ಕ ಮಷಿನ್) ಬರೆದಿದ್ದಾರೆ. ದಿನಾ ತೊಂದರೆ ಇರುವವರಿಗೆ ಅದು ಸರಿ. ಅವ್ವನಿಗೆ ಬರುವುದು ಹತ್ತು-ಹದಿನೈದು ದಿನಕ್ಕೊಮ್ಮೆ. ಮಷಿನ್ ಕಟ್ಟಿದ ದಿನವೇ ಬರಬೇಕಲ್ವಾ? ರಿಪೋರ್ಟ್ ನಾರ್ಮಲ್ ಬಂದರೂ ಸಮಾಧಾನ ಇಲ್ಲ. ಎದೆಗೆ ಅಂಟಿಸುವ ಪ್ಯಾಚ್ 14 ದಿನದವರೆಗೂ ಬಡಿತ ಬರೆದಿಡುತ್ತದೆ, ನನಗೆ ಅದೇ ಸರಿ ಅನ್ನಿಸುತ್ತದೆ. ಚರ್ಮದ ಕೆಳಗೆ ಕೂರಿಸುವ ಲೂಪ್ ರೆಕಾರ್ಡರ್ ವರ್ಷಗಟ್ಟಲೆ ನಡೆಯುತ್ತದೆ. ಆದರೆ ಅದು ಹೆಚ್ಚಾಗಿ ಕಾರಣ ಸಿಗದೆ ಎಚ್ಚರ ತಪ್ಪುವವರಿಗೆ. ಈಗಲೇ ಅಷ್ಟು ದೂರ ಹೋಗುವುದು ಬೇಡ.

ಹುಬ್ಬಳ್ಳಿ-ಧಾರವಾಡದಲ್ಲಿ ಪ್ಯಾಚ್ ಎಲ್ಲಿ ಹಾಕುತ್ತಾರೆ? ಖರ್ಚೆಷ್ಟು? ಹಾಕಿಸಿಕೊಂಡವರಿದ್ದರೆ, ಈ ಸೆಕೆಯಲ್ಲಿ ಅಂಟು ನಿಲ್ಲುತ್ತದಾ, ಚರ್ಮ ಕೆರೆಯುತ್ತದಾ ಹೇಳಿ. (ದೃಷ್ಟಿ ತೆಗೆಸುವ ಸಲಹೆ ಮನೆಯಲ್ಲೇ ಜಾಸ್ತಿ ಇದೆ, ಅದು ಬೇಡ.) ಸೋಮವಾರ ಮತ್ತೆ ಡಾಕ್ಟರನ್ನು ಕಾಣಬೇಕು, ಅಷ್ಟರೊಳಗೆ ತಿಳಿಸಿದರೆ ಉಪಕಾರ.