ಶೋಡಾನ್-ಹೋ: ಈ ‘ಹೋ’ಗೆ ಕನ್ನಡ ಏನು?

ಪ್ರಶ್ನೆ (ಬದಿಯಡ್ಕ): ಕರಾಟೆ ತರಗತಿಯ ಸರ್ಟಿಫಿಕೇಟನ್ನು ಮಲಯಾಳದ ಜತೆ ಕನ್ನಡದಲ್ಲೂ ಅಚ್ಚು ಹಾಕಿಸುವುದಿದೆ. ಕರಾಟೆಯ ಮೇಲ್ದರ್ಜೆಗಳಲ್ಲಿ (ಡಾನ್) ಮೊದಲನೆಯದಾದ ‘ಶೋಡಾನ್’ಗೆ ‘ಕಪ್ಪುಪಟ್ಟಿ, ಮೊದಲನೇ ಡಾನ್’ ಎಂದು ಬರೆದಾಯಿತು. ಅದಕ್ಕೆ ತುಸು ಕೆಳಗಿನ ‘ಶೋಡಾನ್-ಹೋ’ಗೆ ‘ತಾತ್ಕಾಲಿಕ ಕಪ್ಪುಪಟ್ಟಿ’ ಅನ್ನಬಹುದೇ? ‘ಹಂಗಾಮಿ’, ‘ಉಪ’ ಎಂಬ ಸಲಹೆಗಳೂ ಬಂದಿವೆ.

ಉತ್ತರ (ಮಂಜೇಶ್ವರ): ಮೊದಲು ‘ಕಪ್ಪುಪಟ್ಟಿ’ಯನ್ನೇ ಬಿಡಿ. ಕನ್ನಡದಲ್ಲಿ ಕಪ್ಪುಪಟ್ಟಿಗೆ ಸೇರುವವರು ಕೆಲಸ ಕೆಡಿಸಿದ ಗುತ್ತಿಗೆದಾರರು. ಕಪ್ಪುಪಟ್ಟಿ ಧರಿಸುವವರು ಮುಷ್ಕರದವರು. ಮಕ್ಕಳೂ ಹೆತ್ತವರೂ ಹೇಳುವುದು ಬ್ಲ್ಯಾಕ್ ಬೆಲ್ಟ್ ಅಂತಲೇ. ಅದೇ ಇರಲಿ.

ಇನ್ನು ‘ಹೋ’. ಕೊರತೆ ತುಂಬು, ನೆರವಾಗು ಎಂಬುದು ಆ ಜಪಾನಿ ಅಕ್ಷರದ ಮೂಲಾರ್ಥ. ಜಪಾನಿನ ಪೊಲೀಸರಲ್ಲಿ ‘ಕೇಬು’ವಿಗಿಂತ ಒಂದು ಮೆಟ್ಟಿಲು ಕೆಳಗಿನವರು ‘ಕೇಬುಹೋ’. ನ್ಯಾಯಾಲಯದ ‘ಹಂಜಿಹೋ’ ಪೂರ್ಣ ನ್ಯಾಯಾಧೀಶರಾಗಲು ಸಾಮಾನ್ಯವಾಗಿ 10 ವರ್ಷ ಬೇಕು. ಅಭ್ಯರ್ಥಿ ಎಂಬರ್ಥದ ‘ಕೋಹೋ’ದಲ್ಲೂ ಇದೇ ಅಕ್ಷರ. ಇದೇ ದರ್ಜೆಗೆ ಕೊರಿಯಾದವರು ಬಳಸುವ ‘ಛೋದನ್‌ಬೋ’ದ ‘ಬೋ’ ಕೂಡ ಇದೇ.

ಹಾಗೆ ನೋಡಿದರೆ ‘ಉಪ’ ಹತ್ತಿರದ್ದು. ಆದರೆ ಉಪಾಧ್ಯಕ್ಷರು ಅವಧಿ ಮುಗಿಯುವ ತನಕ ಉಪಾಧ್ಯಕ್ಷರೇ. ಶೋಡಾನ್-ಹೋ ಹಾಗೆ ಕೂತುಬಿಡುವ ಜಾಗವಲ್ಲ. ‘ಹಂಗಾಮಿ’ ಎಂದರೆ ಖಾಲಿ ಕುರ್ಚಿಯನ್ನು ಯಾರೋ ಬರುವವರೆಗೆ ಕಾಯುವವನು. ‘ತಾತ್ಕಾಲಿಕ’ ಎಂದರೆ ಬೆಲ್ಟನ್ನು ವಾಪಸು ಕೊಡಬೇಕೋ ಎಂದು ಮಗು ಹೆದರೀತು.

ಇದನ್ನು ಕೊಡುವುದು ಯಾವಾಗ? ಹಲವೆಡೆ, ಒಂದನೇ ಕ್ಯೂ (ಡಾನ್‌ಗೆ ಮುಂಚಿನ ಕೊನೆಯ ದರ್ಜೆ) ದಾಟಿದ ವಿದ್ಯಾರ್ಥಿ ಕಿಹೋನ್ (ಮೂಲ ಪಟ್ಟುಗಳು), ಕಾಟಾ (ಕ್ರಮಬದ್ಧ ಚಲನೆಗಳು) ಎರಡರಲ್ಲೂ ಪಾಸಾಗಿ ಕುಮಿಟೆಯಲ್ಲಿ (ಎದುರಾಳಿಯ ಜತೆಗಿನ ಸೆಣಸು) ಫೇಲಾದಾಗ. ಕಾಟಾ ಒಬ್ಬರೇ ಮಾಡುವಂಥದ್ದು, ಬಾಯಿಪಾಠದ ಹಾಗೆ ಕೂರುತ್ತದೆ. ಕುಮಿಟೆಯಲ್ಲಿ ಎದುರಾಳಿಯ ಅಂತರ ಅಳೆಯಬೇಕು, ಅದು ಬಾಯಿಪಾಠದಿಂದ ಬರುವುದಿಲ್ಲ. ಕೆಲವೆಡೆ ವಯಸ್ಸು ಸಾಲದಿದ್ದರೂ ಕೊಡುತ್ತಾರೆ. ಮರುಪರೀಕ್ಷೆಗೆ ಆರು ತಿಂಗಳು, ವರ್ಷ ಎಂದು ಆಯಾ ಸಂಸ್ಥೆಯೇ ಗಡುವು ಇಡುತ್ತದೆ. ಈ ದರ್ಜೆಯೇ ಇಲ್ಲದ ಸಂಸ್ಥೆಗಳೂ ಉಂಟು. ಅಲ್ಲಿಗೆ ಹೋದರೆ ಮತ್ತೆ ಕಂದು ಬೆಲ್ಟಿನವರ ಸಾಲಿನಲ್ಲೇ ನಿಲ್ಲಬೇಕಾದೀತು.

ಆದ್ದರಿಂದ ‘ಷರತ್ತುಬದ್ಧ’ ಎಂಬುದು ನನ್ನ ಆಯ್ಕೆ. ಜಾಮೀನಿನ ವಾಸನೆ ಇದೆ, ಒಪ್ಪುತ್ತೇನೆ. ಆದರೂ ಏನೋ ಬಾಕಿಯಿದೆ, ತೀರಿಸಿದರೆ ಪೂರ್ತಿಯಾಗುತ್ತದೆ ಎಂಬೆರಡನ್ನೂ ಹೇಳುವ ಪದ ಅದೊಂದೇ. ಷರತ್ತು ಯಾವುದೆಂದು ಬರೆಯದಿದ್ದರೆ ಮಾತ್ರ ಪದ ದಂಡ. ಪತ್ರಿಕೆಗೆ ಸುದ್ದಿ ಕೊಡುವಾಗ ಮೊದಲು ಉದುರುವುದೂ ಈ ‘ಹೋ’ವೇ, ಮರುದಿನ ಮಗು ಪೂರ್ತಿ ಬ್ಲ್ಯಾಕ್ ಬೆಲ್ಟ್ ಆಗಿಬಿಟ್ಟಿರುತ್ತದೆ.

ಸೇರಿಕೆ (ಕುಂಬಳೆ): ಟೇಕ್ವಾಂಡೊದ ‘ಪೂಮ್’ಗೆ ಇದೇ ಪದ ಹಚ್ಚಬೇಡಿ. ಟೇಕ್ವಾಂಡೊದ ಜಾಗತಿಕ ಕೇಂದ್ರವಾದ ಕುಕ್ಕಿವೊನ್‌ನ ನಿಯಮದಲ್ಲಿ ಅದು ಸಾಮಾನ್ಯವಾಗಿ 15 ತುಂಬದವರ ದರ್ಜೆ, ಬೆಲ್ಟು ಅರ್ಧ ಕೆಂಪು ಅರ್ಧ ಕಪ್ಪು. ಅಲ್ಲಿ ಕಡಿಮೆಯಿರುವುದು ವಯಸ್ಸು, ವಿದ್ಯೆಯಲ್ಲ; ‘ಬಾಲ ದರ್ಜೆ’ ಸಾಕು. ನಮ್ಮ ಕಳರಿಯಲ್ಲಂತೂ ಬಣ್ಣದ ಬೆಲ್ಟಿನ ಲೆಕ್ಕವೇ ಇಲ್ಲ, ಸೊಂಟಕ್ಕೆ ಕಟ್ಟುವುದು ಉದ್ದ ಬಟ್ಟೆಯ ಕಚ್ಚ. ಅಲ್ಲಿಂದ ಪದ ಎರವಲು ಸಿಗದು.

ಸರ್ಟಿಫಿಕೇಟಿನ ಸಾಲು ಹೀಗಿರಲಿ: ‘ಶೋಡಾನ್-ಹೋ: ಷರತ್ತುಬದ್ಧ ಮೊದಲನೇ ಡಾನ್. ಬಾಕಿ: ಕುಮಿಟೆ. ಮರುಪರೀಕ್ಷೆಗೆ ಕೊನೆಯ ದಿನಾಂಕ: ……’