ಘಟಿಕೋತ್ಸವ ಮುಂದಕ್ಕೆ, ಪದವಿ ಪತ್ರಕ್ಕೇನು ದಾರಿ?

ಪ್ರಶ್ನೆ (ಕೊರೊನಾ ಕಾಲದ್ದು): ಕೊರೊನಾದಿಂದ 2020ರ ಘಟಿಕೋತ್ಸವ ಮುಂದೂಡಿದ್ದಾರೆ, ಹೊಸ ದಿನಾಂಕವಿಲ್ಲ. ಬಿಕಾಂ ಪಾಸು. ಎಂಕಾಂ ಪ್ರವೇಶಕ್ಕೆ ಏನು ಕೊಡಬೇಕು?

ಉತ್ತರ 1: ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ. ಅದಕ್ಕೆ ಘಟಿಕೋತ್ಸವ ಬೇಕಿಲ್ಲ, ಫಲಿತಾಂಶ ಬಂದಿದ್ದರೆ ಸಾಕು. ಆರೂ ಸೆಮಿಸ್ಟರಿನ ಅಂಕಪಟ್ಟಿ ಜೆರಾಕ್ಸ್, ಶುಲ್ಕದ ಚಲನ್ ಜೊತೆ ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗಕ್ಕೆ ಅರ್ಜಿ ಹಾಕಿ. ಯಾವುದೋ ಸೆಮಿಸ್ಟರಿನ ಫಲಿತಾಂಶ ತಡೆಹಿಡಿದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಅದನ್ನು ಬಿಡಿಸಿಕೊಳ್ಳಿ.

ಉತ್ತರ 2: ಪದವಿ ಅಂಕಪಟ್ಟಿಯಲ್ಲಿ ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯಾ ನೋಡಿ. ಮೂಲ ಪದವಿ ಪತ್ರ ಮುದ್ರಣವಾದ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು. ಘಟಿಕೋತ್ಸವ ಮುಂದೆ ಹೋಗಿದ್ದು ಈ ಒಂದು ವಿಷಯಕ್ಕೆ ಒಳ್ಳೆಯದೇ!

ಉತ್ತರ 3: ಘಟಿಕೋತ್ಸವಕ್ಕೆ ಅರ್ಜಿ ಕರೆದಾಗ 'ಗೈರುಹಾಜರಿಯಲ್ಲಿ' ಆಯ್ಕೆ ಮಾಡಿದರೆ ಪದವಿ ಪತ್ರ ಅಂಚೆಯಲ್ಲಿ ಬರುತ್ತದೆ. ಪಿನ್‌ಕೋಡ್ ಸರಿಯಾಗಿ ಬರೆಯಿರಿ.