ತೊಂದರೆಯೇ ಇಲ್ಲದ 68ರ ತಂದೆಗೆ ದೊಡ್ಡ ಕರುಳಿನ ತಪಾಸಣೆ ಬೇಕೇ?

ಪ್ರಶ್ನೆ
ನನ್ನ ತಂದೆಗೆ 68 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯನ್ನು ಈವರೆಗೆ ಮಾಡಿಸಿಲ್ಲವೆಂದು ತಿಳಿದ ವೈದ್ಯರು ಈಗಲಾದರೂ ಮಾಡಿಸಿ ಎಂದಿದ್ದಾರೆ. "ಹೊಟ್ಟೆನೋವಿಲ್ಲ, ರಕ್ತ ಹೋಗುತ್ತಿಲ್ಲ, ಇಲ್ಲದ ರೋಗವನ್ನು ಹುಡುಕಿಕೊಂಡು ಹೋಗುವುದೇಕೆ?" ಎಂಬುದು ತಂದೆಯವರ ವಾದ. ನಮ್ಮೊಂದಿಗೇ ಇರುವ ದೊಡ್ಡಮ್ಮನಿಗೆ 82 ವರ್ಷ, ಹೃದಯದ ತೊಂದರೆಯೂ ಇದೆ. ಇಬ್ಬರಿಗೂ ಮಾಡಿಸಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಎಂಡೋಸ್ಕೊಪಿ ವಿಭಾಗದ ಶುಶ್ರೂಷಕಿ)
ನಿಮ್ಮ ತಂದೆಯವರ ಮಾತನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಆದರೆ ಈ ತಪಾಸಣೆ ಇರುವುದೇ ತೊಂದರೆ ಇಲ್ಲದವರಿಗಾಗಿ. ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ; ಅದು ಕ್ಯಾನ್ಸರ್ ಆಗಿ ಬದಲಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ, ಮತ್ತು ಆ ಅವಧಿಯ ಬಹುಪಾಲು ಅದು ನೋಯುವುದಿಲ್ಲ, ಕಣ್ಣಿಗೆ ಕಾಣುವಷ್ಟು ರಕ್ತವನ್ನೂ ಸುರಿಸುವುದಿಲ್ಲ. ಗುದದ್ವಾರದ ಮೂಲಕ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಒಳಬಿಟ್ಟು ದೊಡ್ಡ ಕರುಳನ್ನು ನೋಡುವುದೇ ಕೊಲೊನೋಸ್ಕೊಪಿ. ಅದನ್ನು ಮಾಡುವಾಗ ಪರದೆಯ ಮೇಲೆ ನಸುಗೆಂಪು ಗೋಡೆಗೆ ಅಂಟಿಕೊಂಡ ಬಟಾಣಿ ಗಾತ್ರದ ಗಂಟು ಕಾಣುತ್ತದೆ. ವೈದ್ಯರು ತಂತಿಯ ಕುಣಿಕೆಯನ್ನು ಅದರ ಬುಡಕ್ಕೆ ಹಾಕಿ ಬಿಗಿದರೆ ಸಾಕು, ಗಂಟು ಕಳಚಿಕೊಳ್ಳುತ್ತದೆ. ರೋಗಿಗೆ ಅದು ಗೊತ್ತೂ ಆಗುವುದಿಲ್ಲ. ಮುಂದೊಂದು ದಿನ ಕ್ಯಾನ್ಸರ್ ಆಗಬಹುದಾಗಿದ್ದದ್ದು ಅಲ್ಲಿಗೇ ಮುಗಿಯುತ್ತದೆ. ಪಾಲಿಪ್‌ಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ, ನಿಜ. ಆದರೆ ಯಾವುದು ಆಗುತ್ತದೆಂದು ಹೊರಗಿನಿಂದ ಹೇಳಲು ಬಾರದು.

ಉತ್ತರ 2
ನೇರವಾಗಿ ಕೊಲೊನೋಸ್ಕೊಪಿಗೆ ಹೆದರುವವರಿಗೆ ಫಿಟ್ ಎಂಬ ಮಲಪರೀಕ್ಷೆ ಇದೆ. ಕಣ್ಣಿಗೆ ಕಾಣದ ರಕ್ತವನ್ನು ಅದು ಪತ್ತೆಹಚ್ಚುತ್ತದೆ. ಪಥ್ಯ ಬೇಕಿಲ್ಲ, ಮನೆಯಲ್ಲೇ ಮಾದರಿ ತೆಗೆಯಬಹುದು, ವರ್ಷಕ್ಕೊಮ್ಮೆ ಮಾಡಿಸಬೇಕು. ನಾವು ಮಾಡಿದ ತಪ್ಪನ್ನು ಮಾತ್ರ ನೀವು ಮಾಡಬೇಡಿ. ನನ್ನ ತಾಯಿಗೆ ಫಿಟ್ ಪಾಸಿಟಿವ್ ಬಂದಾಗ, ಮೂಲವ್ಯಾಧಿ ಇದೆಯಲ್ಲ, ಅದರದ್ದೇ ರಕ್ತವಿರಬೇಕು ಎಂದುಕೊಂಡು ಇನ್ನೊಂದು ಕಡೆ ಮತ್ತೆ ಪರೀಕ್ಷೆ ಮಾಡಿಸಿದೆವು. ಅದು ನೆಗೆಟಿವ್ ಬಂತು, ಸಮಾಧಾನಪಟ್ಟೆವು. ಗಂಟುಗಳು ದಿನವೂ ರಕ್ತ ಸುರಿಸುವುದಿಲ್ಲ, ಎರಡನೇ ಫಲಿತಾಂಶ ಮೊದಲನೆಯದನ್ನು ಅಳಿಸುವುದಿಲ್ಲ ಎಂದು ನಮಗೆ ಯಾರೂ ಹೇಳಿರಲಿಲ್ಲ. ಒಂದು ವರ್ಷ ದಾಟಿದ ಮೇಲೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದ ಅಮ್ಮನ ರಕ್ತಹೀನತೆಗೆ ಕಾರಣ ಹುಡುಕುವಾಗ ಮೂರನೇ ಹಂತದ ಗಡ್ಡೆ ಸಿಕ್ಕಿತು. ಫಿಟ್ ಪಾಸಿಟಿವ್ ಆದರೆ ಮುಂದಿನ ಹೆಜ್ಜೆ ಕೊಲೊನೋಸ್ಕೊಪಿ ಒಂದೇ.

ಉತ್ತರ 3 (ವೈದ್ಯ)
ಇಬ್ಬರಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ (USPSTF) 2021ರಲ್ಲಿ ಪರಿಷ್ಕರಿಸಿದ ಸಲಹೆಯ ಪ್ರಕಾರ 45ರಿಂದ 75 ವರ್ಷದವರೆಗೆ ಎಲ್ಲರಿಗೂ ತಪಾಸಣೆ ಬೇಕು, 76ರಿಂದ 85ರವರೆಗೆ ವ್ಯಕ್ತಿಯ ಆರೋಗ್ಯ, ಹಿಂದಿನ ತಪಾಸಣೆ ಮತ್ತು ಅವರ ಇಚ್ಛೆಯನ್ನು ನೋಡಿ ನಿರ್ಧರಿಸಬೇಕು, ಅದರಾಚೆಗೆ ಬೇಡ. ತಪಾಸಣೆಯ ಪ್ರಯೋಜನ ಕೈಗೆ ಬರಲು ವರ್ಷಗಳು ಬೇಕು. ಕೊಲೊನೋಸ್ಕೊಪಿಯಿಂದ ಕರುಳಿಗೆ ರಂಧ್ರವಾಗುವ, ರಕ್ತಸ್ರಾವವಾಗುವ ಅಪಾಯ ಚಿಕ್ಕದಾದರೂ ವಯಸ್ಸಿನೊಂದಿಗೆ ಹೆಚ್ಚುತ್ತದೆ. ದೊಡ್ಡಮ್ಮನ ವಿಷಯದಲ್ಲಿ ನಾನು ಒತ್ತಾಯಿಸುವುದಿಲ್ಲ. ಆದರೆ ಅವರಿಗೆ ರಕ್ತ ಕಾಣಿಸಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲವಿಸರ್ಜನೆಯ ರೂಢಿ ಬದಲಾದರೆ ಅದು ತಪಾಸಣೆಯ ಮಾತಲ್ಲ, ರೋಗಪತ್ತೆಯ ಮಾತು, ಆಗ ತಡಮಾಡಬಾರದು. ತಂದೆಯವರ ಒಡಹುಟ್ಟಿದವರಲ್ಲಿ, ಹೆತ್ತವರಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಕೇಳಿ ನೋಡಿ.

ಪ್ರಶ್ನೆ ಕೇಳಿದವರು
ಕೇಳಿದೆ. ದೊಡ್ಡಪ್ಪನಿಗೆ 58ರಲ್ಲಿ ಆದ "ಹೊಟ್ಟೆ ಆಪರೇಷನ್" ಕರುಳಿನ ಕ್ಯಾನ್ಸರಿನದ್ದಂತೆ. ಮನೆಯಲ್ಲಿ ಆ ಪದವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅದನ್ನು ಹೇಳಿದ ಮೇಲೆ ತಂದೆಯವರೇ ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನ ಗೊತ್ತುಮಾಡು" ಎಂದರು. ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ.

ಉತ್ತರ 1 (ಶುಶ್ರೂಷಕಿ)
ಒಡಹುಟ್ಟಿದವರಿಗೇ ಈ ಕ್ಯಾನ್ಸರ್ ಆಗಿತ್ತೆಂದರೆ ಫಿಟ್ ಬೇಡ, ಕೊಲೊನೋಸ್ಕೊಪಿಯೇ ಸರಿ. ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಬೇಕೇ, ಎಷ್ಟು ದಿನ ಎಂಬುದನ್ನು ಅದನ್ನು ಬರೆದುಕೊಟ್ಟ ವೈದ್ಯರು ಹೇಳಲಿ. ಕೊಲೊನೋಸ್ಕೊಪಿಗೆ ಮುನ್ನ ಕರುಳು ತೊಳೆಯಲು ಕೊಡುವ ಭೇದಿಯ ದ್ರಾವಣದ ಅರ್ಧವನ್ನು ಹಿಂದಿನ ಸಂಜೆಯೂ ಉಳಿದರ್ಧವನ್ನು ಆಸ್ಪತ್ರೆಯವರು ಹೇಳಿದ ಹೊತ್ತಿಗೆ ಬೆಳಿಗ್ಗೆಯೂ ಪೂರ್ತಿ ಕುಡಿಸಿ; ಕರುಳು ಸ್ವಚ್ಛವಾಗಿರದಿದ್ದರೆ ಸಣ್ಣ ಗಂಟುಗಳು ಕಣ್ತಪ್ಪುತ್ತವೆ. ರಾತ್ರಿ ಶೌಚಾಲಯದ ದಾರಿಯಲ್ಲಿ ದೀಪ ಉರಿಯುತ್ತಿರಲಿ, ವಯಸ್ಸಾದವರು ಆಗಲೇ ಎಡವುವುದು. ವರದಿಯನ್ನು ಜೋಪಾನವಾಗಿಡಿ: ತಂದೆಗೆ ದೊಡ್ಡ ಪಾಲಿಪ್ ಸಿಕ್ಕರೆ ನೀವು ಯಾವಾಗ ತಪಾಸಣೆ ಆರಂಭಿಸಬೇಕೆಂದು ನಿರ್ಧರಿಸಲು ನಿಮ್ಮ ವೈದ್ಯರು ಅದನ್ನೇ ಕೇಳುತ್ತಾರೆ.